ಹಿಡಿ ಮಣ್ಣಿನ ಜಗಳ: ಎರಡೂವರೆ ಸಾವಿರ ವರ್ಷದ ಹಳೆಯ ನಾಟಕ ನಮಗೇಕೆ?



ಈ ಸಲ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಒಬ್ಬ ಮನುಷ್ಯ ಹೊರಗಿನವರ ಸೈನ್ಯ ಕಟ್ಟಿಕೊಂಡು ತಾನು ಹುಟ್ಟಿದ ಊರಿನ ಮೇಲೇ ದಂಡೆತ್ತಿ ಬಂದ. ಯುದ್ಧದಲ್ಲಿ ಸತ್ತ. ಹೆಣ ಊರ ಬಾಗಿಲಾಚೆ ಬಿದ್ದಿದೆ. ಅವನಿಗೆ ಸಂಸ್ಕಾರ ಮಾಡಬೇಕೋ, ಬೇಡವೋ? ದ್ರೋಹಿಗೆ ಎಂಥ ಸಂಸ್ಕಾರ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಸತ್ತ ಮೇಲೆ ದ್ವೇಷ ಯಾಕೆ ಎಂದು ಇನ್ನು ಕೆಲವರು ಹೇಳಬಹುದು. ಈಗ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸೋಣ. ಆ ಹೆಣ ನಿಮ್ಮ ಒಡಹುಟ್ಟಿದ ಅಣ್ಣನದು. ಈಗ ಏನಂತೀರಿ?

ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಕ್ರಿ.ಪೂ. 441ರ ಆಸುಪಾಸಿನಲ್ಲಿ ಸೊಫೊಕ್ಲಿಸ್ ಎಂಬ ಕವಿ ಈ ಪ್ರಶ್ನೆಯನ್ನು ಸಾವಿರಾರು ಜನರ ಎದುರು ಇಟ್ಟ. ಆ ನಾಟಕದ ಹೆಸರು 'ಅಂತಿಗೊನೆ'. ಗ್ರೀಕ್ ಟ್ರ್ಯಾಜಿಡಿ ಅಂದ ಕೂಡಲೇ ಕಾಲೇಜಿನ ಇಂಗ್ಲಿಷ್ ತರಗತಿ, ಬಾಯಿಪಾಠದ ಟಿಪ್ಪಣಿ, ಬಾಯಿಗೆ ಸಿಗದ ಹೆಸರುಗಳು ನೆನಪಾಗಿ ಕೆಲವರಿಗೆ ಆಕಳಿಕೆ ಬರುತ್ತದೆ. ಬೇಡ, ಆಕಳಿಸಬೇಡಿ. ಪರೀಕ್ಷೆ ಮುಗಿದು ಎಷ್ಟೋ ವರ್ಷಗಳಾಗಿವೆ. ಈ ನಾಟಕಗಳನ್ನು ನಿಜವಾಗಿ ಓದುವುದಕ್ಕೆ ಇದೇ ಸರಿಯಾದ ಸಮಯ.

ನಾಟಕವೂ ಹೌದು, ಊರ ಹಬ್ಬವೂ ಹೌದು

ಮೊದಲು ಈ ನಾಟಕಗಳು ಎಲ್ಲಿ, ಹೇಗೆ ನಡೆಯುತ್ತಿದ್ದವು ನೋಡೋಣ. ಅಥೆನ್ಸ್‌ನಲ್ಲಿ ಪ್ರತಿವರ್ಷ ವಸಂತಕಾಲದಲ್ಲಿ ಡಯೊನೈಸಸ್ ದೇವರ ಹಬ್ಬ. ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಬಯಲು ರಂಗಮಂದಿರ. ಮೂವರು ಕವಿಗಳ ನಡುವೆ ಸ್ಪರ್ಧೆ. ಒಬ್ಬೊಬ್ಬರೂ ಮೂರು ದುರಂತ ನಾಟಕ, ಕೊನೆಗೆ ನಗಿಸುವ ಒಂದು ನಾಟಕ ಆಡಿಸಬೇಕು. ಹಾಡಿ ಕುಣಿಯುವ ಮೇಳದ ಖರ್ಚನ್ನು ಊರಿನ ಶ್ರೀಮಂತನೊಬ್ಬ ಹೊರಬೇಕು. ಅದು ಅವನ ಪಾಲಿಗೆ ತೆರಿಗೆಯೂ ಹೌದು, ಗೌರವವೂ ಹೌದು. ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು.

ನಾಟಕ ಶುರುವಾಗುವ ಮುಂಚೆ ಇನ್ನೊಂದು ಕಾರ್ಯಕ್ರಮ ಇರುತ್ತಿತ್ತು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ಸರ್ಕಾರದ ಖರ್ಚಿನಲ್ಲಿ ಬೆಳೆದ ಹುಡುಗರು ವಯಸ್ಸಿಗೆ ಬಂದಾಗ, ಅವರಿಗೆ ಕವಚ ತೊಡಿಸಿ ಎಲ್ಲರೆದುರು ಮೆರವಣಿಗೆ ಮಾಡಿಸುತ್ತಿದ್ದರು. ಊರು ತನ್ನ ಹೆಮ್ಮೆಯನ್ನು ಹೀಗೆ ತೋರಿಸಿದ ಮೇಲೆ ಅದೇ ಜಾಗದಲ್ಲಿ ನಾಟಕ. ಆ ನಾಟಕಗಳಲ್ಲಿ ಯುದ್ಧ ಗೆದ್ದವರ ಕ್ರೌರ್ಯ, ಸೋತವರ ಗೋಳು, ದೊರೆಯ ಹಟ. ತನ್ನ ಬಗ್ಗೆ ತನಗೇ ಅನುಮಾನ ಹುಟ್ಟಿಸುವ ಕಥೆಗಳಿಗೆ ಊರೇ ಮುಂದೆ ನಿಂತು ವೇದಿಕೆ ಕೊಟ್ಟಿತು. ಈ ಹಬ್ಬದ ದೊಡ್ಡ ವಿಶೇಷ ಅದೇ.

ಬರೆದ ನೂರಾರು ನಾಟಕಗಳಲ್ಲಿ ನಮಗೆ ಪೂರ್ತಿ ಸಿಕ್ಕಿರುವ ದುರಂತ ನಾಟಕಗಳು ಮೂವತ್ತೆರಡರ ಆಸುಪಾಸು ಮಾತ್ರ. ಎಲ್ಲವೂ ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡಿಸ್ ಈ ಮೂವರ ಹೆಸರಿನಲ್ಲಿ ಉಳಿದು ಬಂದವು. ಸೊಫೊಕ್ಲಿಸ್ ಒಬ್ಬನೇ ನೂರಕ್ಕಿಂತ ಹೆಚ್ಚು ನಾಟಕ ಬರೆದ. ಉಳಿದಿರುವುದು ಏಳು.

ಕಿವಿಗೆ ಬರೆದ ನಾಟಕ

ರೇಡಿಯೋ ಕೇಳುವ ನಿಮಗೆ ಈ ಮಾತು ಇಷ್ಟವಾದೀತು. ಗ್ರೀಕ್ ರಂಗದಲ್ಲಿ ಮಾತನಾಡುವ ಪಾತ್ರಧಾರಿಗಳು ಮೂವರೇ. ಎಲ್ಲರೂ ಗಂಡಸರು, ಎಲ್ಲರಿಗೂ ಮುಖವಾಡ. ಒಬ್ಬನೇ ಎರಡು ಮೂರು ವೇಷ ಹಾಕಬೇಕು. ಸ್ತ್ರೀವೇಷವೂ ಅವರದೇ. ಯಕ್ಷಗಾನ ನೋಡಿದವರಿಗೆ ಇದೇನೂ ಹೊಸದಲ್ಲ. ಮುಖವಾಡ ಹಾಕಿದ ಮೇಲೆ ಮುಖದಲ್ಲಿ ಅಭಿನಯ ಎಲ್ಲಿಂದ ಬರಬೇಕು? ಎಲ್ಲ ಭಾರವೂ ದನಿಯ ಮೇಲೆ, ಮೈಯ ನಿಲುವಿನ ಮೇಲೆ.

ಇನ್ನೊಂದು ವಿಷಯ. ಈ ನಾಟಕಗಳಲ್ಲಿ ಕೊಲೆ, ಆತ್ಮಹತ್ಯೆ ಸಾಮಾನ್ಯವಾಗಿ ನಮ್ಮ ಕಣ್ಣೆದುರು ನಡೆಯುವುದಿಲ್ಲ. ಒಳಗೆಲ್ಲೋ ನಡೆಯುತ್ತದೆ. ಆಮೇಲೆ ಒಬ್ಬ ದೂತ ಓಡಿ ಬಂದು, ತಾನು ಕಂಡದ್ದನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ನೀವು ಕೇಳಿಸಿಕೊಂಡು ಮನಸ್ಸಿನಲ್ಲೇ ಚಿತ್ರ ಕಟ್ಟಿಕೊಳ್ಳಬೇಕು. ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಈ ಕೆಲಸ ಕಲಿಸಿಕೊಡಬೇಕೇ?

ಇಂದು ನಮ್ಮ ಫೋನಿಗೆ ಪ್ರತಿದಿನ ರಕ್ತದ ವಿಡಿಯೋಗಳು ಬಂದು ಬೀಳುತ್ತವೆ. ನೋಡುತ್ತೇವೆ, ಬೆರಳು ಸರಿಸುತ್ತೇವೆ, ಮರೆಯುತ್ತೇವೆ. ದೂತ ಹೇಳಿದ ಸಾವನ್ನು ಹಾಗೆ ಬೆರಳಲ್ಲಿ ಸರಿಸಲು ಆಗುವುದಿಲ್ಲ. ಅವನು ಹೇಳಿ ಮುಗಿಸುವವರೆಗೆ ಕೂತು ಕೇಳಲೇಬೇಕು.

ಸೋದರಮಾವ ಮತ್ತು ಸೊಸೆ

ಈಗ ಕಥೆಗೆ ಬರೋಣ. ಥೀಬ್ಸ್ ಎಂಬ ಊರು. ಈಡಿಪಸ್ ದೊರೆಯ ಇಬ್ಬರು ಗಂಡುಮಕ್ಕಳು ಸಿಂಹಾಸನಕ್ಕಾಗಿ ಕಾದಾಡಿ, ಒಬ್ಬರನ್ನೊಬ್ಬರು ಕೊಂದು ಸತ್ತರು. ಊರನ್ನು ಕಾಯುತ್ತಿದ್ದವನು ಇಟಿಯೋಕ್ಲಿಸ್. ಊರಿನ ಮೇಲೆ ಸೈನ್ಯ ತಂದವನು ಪಾಲಿನೈಸಿಸ್. ಈಗ ಪಟ್ಟಕ್ಕೆ ಬಂದಿರುವವನು ಕ್ರಿಯೋನ್, ಇವರ ತಾಯಿಯ ತಮ್ಮ.

ಇಂಗ್ಲಿಷಿನಲ್ಲಿ ಓದಿದರೆ ಕ್ರಿಯೋನ್ ಬರೀ 'ಅಂಕಲ್'. ಕನ್ನಡದಲ್ಲಿ ಅವನು ಸೋದರಮಾವ. ಅವನ ಮಗ ಹೀಮನ್‌ಗೂ ಅಂತಿಗೊನೆಗೂ ಮದುವೆ ನಿಶ್ಚಯವಾಗಿದೆ. ಅಂದರೆ ಇದು ಸೋದರಮಾವನ ಮನೆಗೆ ಸೊಸೆಯಾಗಿ ಹೋಗಬೇಕಾದ ಹುಡುಗಿಯ ಕಥೆ. ಈ ಒಂದು ಸಂಬಂಧ ಕನ್ನಡದ ಓದುಗರಿಗೆ ಕೂಡಲೇ ಅರ್ಥವಾಗುತ್ತದೆ. ಜಗಳ ಅರಮನೆಯದು ಮಾತ್ರ ಅಲ್ಲ, ಮನೆಯೊಳಗಿನದು.

ಕ್ರಿಯೋನ್ ಡಂಗುರ ಹೊಡೆಸುತ್ತಾನೆ. ಇಟಿಯೋಕ್ಲಿಸ್‌ಗೆ ಸಕಲ ಮರ್ಯಾದೆಯ ಸಂಸ್ಕಾರ. ಪಾಲಿನೈಸಿಸ್‌ನ ಹೆಣ ಬಯಲಲ್ಲೇ ಬಿದ್ದಿರಬೇಕು, ನಾಯಿ ಹದ್ದುಗಳ ಪಾಲಾಗಬೇಕು. ಮಣ್ಣು ಹಾಕಿದವರಿಗೆ ಮರಣದಂಡನೆ. ಅಂತಿಗೊನೆ ತನ್ನ ತಂಗಿ ಇಸ್ಮೀನ್‌ಳನ್ನು ಕರೆಯುತ್ತಾಳೆ, ಬಾ, ಇಬ್ಬರೂ ಸೇರಿ ಅಣ್ಣನಿಗೆ ಮಣ್ಣು ಕೊಡೋಣ ಎಂದು. ಇಸ್ಮೀನ್‌ಗೆ ಧೈರ್ಯ ಸಾಲುವುದಿಲ್ಲ. ಅಂತಿಗೊನೆ ಒಬ್ಬಳೇ ಹೋಗಿ ಹೆಣದ ಮೇಲೆ ಮಣ್ಣು ಉದುರಿಸುತ್ತಾಳೆ. ಕಾವಲಿನವರು ಮಣ್ಣು ಒರೆಸಿ ಹಾಕುತ್ತಾರೆ. ಮತ್ತೆ ಉದುರಿಸುವಾಗ ಸಿಕ್ಕಿಬೀಳುತ್ತಾಳೆ. ದೊರೆಯ ಮುಂದೆ ನಿಂತು, ಹೌದು, ನಾನೇ ಮಾಡಿದ್ದು ಎಂದು ಒಪ್ಪಿಕೊಳ್ಳುತ್ತಾಳೆ. ನಿನ್ನ ಆಜ್ಞೆಗಿಂತ ಹಳೆಯದಾದ, ಎಲ್ಲೂ ಬರೆದಿಡದ ದೇವರ ಕಟ್ಟಳೆ ಒಂದಿದೆ ಎಂಬುದು ಅವಳ ವಾದ.

ಹೀಮನ್ ಬಂದು ತಂದೆಗೆ ನಯವಾಗಿಯೇ ಬುದ್ಧಿ ಹೇಳುತ್ತಾನೆ. ಊರವರು ನಿನ್ನೆದುರು ಬಾಯಿ ಬಿಡುವುದಿಲ್ಲ, ಆದರೆ ಒಳಗೊಳಗೇ ಅವಳಿಗಾಗಿ ಮರುಗುತ್ತಿದ್ದಾರೆ ಎನ್ನುತ್ತಾನೆ. ತಂದೆ ಕೇಳುವುದಿಲ್ಲ. ಅಂತಿಗೊನೆಯನ್ನು ಜೀವಂತವಾಗಿ ಕಲ್ಲುಗುಹೆಯಲ್ಲಿ ಮುಚ್ಚಿಸುತ್ತಾನೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಬಂದು, ಹದ್ದು ನಾಯಿಗಳು ಆ ಹೆಣದ ಮಾಂಸ ತಂದು ಹಾಕಿ ಊರಿನ ಬಲಿಪೀಠಗಳೆಲ್ಲ ಮೈಲಿಗೆಯಾಗಿವೆ ಎಂದು ಎಚ್ಚರಿಸಿದ ಮೇಲೆ ಕ್ರಿಯೋನ್‌ಗೆ ಹೆದರಿಕೆ ಹುಟ್ಟುತ್ತದೆ. ಹಿರಿಯರ ಮೇಳ ಸಲಹೆ ಕೊಡುತ್ತದೆ: ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಸಮಾಧಿ ಮಾಡು. ಕ್ರಿಯೋನ್ ಮೊದಲು ಹೆಣದ ಕಡೆ ಹೋಗುತ್ತಾನೆ, ಗುಹೆಯ ಕಡೆ ಆಮೇಲೆ. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಾಳೆ. ಹೀಮನ್ ಅಲ್ಲೇ ಕತ್ತಿಯಿಂದ ಇರಿದುಕೊಳ್ಳುತ್ತಾನೆ. ದೂತ ಬಂದು ಇದನ್ನೆಲ್ಲ ಹೇಳುವಾಗ ಕೇಳಿಸಿಕೊಳ್ಳುವವಳು ಹೀಮನ್‌ನ ತಾಯಿ. ಆಕೆ ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಆಕೆಯೂ ಬದುಕುವುದಿಲ್ಲ.

ಯಾರದು ಸರಿ?

ಕ್ರಿಯೋನ್ ಖಳನಾಯಕ ಎಂದು ಹೇಳಿ ಪುಸ್ತಕ ಮುಚ್ಚುವುದು ಸುಲಭ. ಆದರೆ ಆ ಕಾಲದ ಅಥೆನ್ಸಿನವರಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ದ್ರೋಹಿಗಳನ್ನು ತಮ್ಮ ನೆಲದಲ್ಲಿ ಹೂಳಬಾರದೆಂಬ ಕಾನೂನು ಅವರಲ್ಲೇ ಇತ್ತು. ಹೆಣವನ್ನು ಗಡಿಯಾಚೆ ಕಳಿಸಬಹುದಿತ್ತು. ನಿನ್ನೆ ತಾನೇ ಯುದ್ಧ ಮುಗಿದಿದೆ, ಊರು ಉಳಿಯಬೇಕು, ಕಾನೂನು ನನ್ನ ಮನೆಯವರಿಗೂ ಒಂದೇ ಎಂದು ಕ್ರಿಯೋನ್ ಹೇಳುವಾಗ ಅಲ್ಲಿ ಕೂತ ಬಹಳ ಜನ ತಲೆದೂಗಿರಬಹುದು. ನಂಟರಿಗೆ ವಿನಾಯಿತಿ ಕೊಡದ ಅಧಿಕಾರಿ ಬೇಕು ಎಂದು ನಾವೂ ದಿನಾ ಹೇಳುತ್ತೇವಲ್ಲವೇ?

ಜರ್ಮನಿಯ ತತ್ವಜ್ಞಾನಿ ಹೆಗೆಲ್ ಈ ನಾಟಕದ ಬಗ್ಗೆ ಬರೆಯುತ್ತ ಒಂದು ದಾರಿ ತೋರಿಸಿದ. ಇದು ಸರಿ ಮತ್ತು ತಪ್ಪಿನ ಜಗಳವಲ್ಲ, ಎರಡು ಸರಿಗಳ ನಡುವಿನ ಜಗಳ ಎಂಬುದು ಅವನ ವಿಚಾರದ ಸಾರ. ಒಂದು ಕಡೆ ಮನೆ, ರಕ್ತಸಂಬಂಧ, ಸತ್ತವರ ಋಣ. ಇನ್ನೊಂದು ಕಡೆ ಊರು, ಕಾನೂನು, ಬದುಕಿರುವವರ ಸುರಕ್ಷೆ. ಎರಡೂ ಬೇಕು. ಎರಡರಲ್ಲಿ ಒಂದೇ ಇರಲಿ ಎಂದು ಹಟ ಹಿಡಿದಾಗ ಅನಾಹುತ.

ಹಾಗಂತ ಸೊಫೊಕ್ಲಿಸ್ ಇಬ್ಬರನ್ನೂ ಸಮವಾಗಿ ತೂಗಿ ಸುಮ್ಮನಾಗುವುದಿಲ್ಲ. ಹೆಣವನ್ನು ಮೇಲೆ ಬಿಟ್ಟು, ಜೀವವನ್ನು ಮಣ್ಣೊಳಗೆ ಮುಚ್ಚಿದ್ದೇ ಕ್ರಿಯೋನ್‌ನ ತಪ್ಪು ಎಂದು ಟೈರೀಸಿಯಸ್ ಬಾಯಲ್ಲಿ ಸ್ಪಷ್ಟವಾಗಿ ಹೇಳಿಸುತ್ತಾನೆ. ಅದೇ ಹೊತ್ತಿಗೆ ಅಂತಿಗೊನೆಯನ್ನೂ ದೇವತೆ ಮಾಡುವುದಿಲ್ಲ. ಆಮೇಲೆ ಇಸ್ಮೀನ್ ಬಂದು, ನಾನೂ ನಿನ್ನ ಜೊತೆ ಸಾಯುತ್ತೇನೆ ಎಂದಾಗ ಅಕ್ಕ ಅವಳನ್ನು ಒರಟಾಗಿ ದೂರ ತಳ್ಳುತ್ತಾಳೆ. ಸತ್ತ ಅಣ್ಣನಿಗೆ ತೋರಿದ ಪ್ರೀತಿಯಲ್ಲಿ ಬದುಕಿರುವ ತಂಗಿಗೆ ಪಾಲಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು ಅಂತಿಗೊನೆಯೂ ಅಲ್ಲ, ಕ್ರಿಯೋನೂ ಅಲ್ಲ. ನಾವು ಇಸ್ಮೀನ್. ಇಲ್ಲವೇ ಗಾಳಿ ಯಾವ ಕಡೆ ಬೀಸುತ್ತದೆ ಎಂದು ನೋಡಿ ಮಾತಾಡುವ ಆ ಹಿರಿಯರ ಮೇಳ.

ಈ ನಾಟಕಗಳಾಗಿ ನೂರು ವರ್ಷದ ಮೇಲೆ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಬರೆದ. ನಾಯಕ ಬೀಳುವುದು ದುಷ್ಟತನದಿಂದಲ್ಲ, 'ಹಮಾರ್ಟಿಯಾ'ದಿಂದ ಎಂದ. ಈ ಪದದ ಮೂಲ ಅರ್ಥ ಗುರಿ ತಪ್ಪುವುದು. ಕಣ್ಣಿಟ್ಟು ಬಾಣ ಬಿಟ್ಟರೂ ಬೇರೆಲ್ಲೋ ನೆಡುತ್ತದಲ್ಲ, ಹಾಗೆ. ನೋಡುವವರಲ್ಲಿ ಹುಟ್ಟಬೇಕಾದದ್ದು ಕರುಣೆ ಮತ್ತು ಭಯ ಎಂದೂ ಹೇಳಿದ. ಅವನಿಗಾಗಿ ಕರುಣೆ, ನಮಗೂ ಹೀಗಾದೀತು ಎಂಬ ಭಯ. ಟಿವಿ ಚರ್ಚೆಗಳಲ್ಲಿ ನಮಗೆ ಕೋಪ ಬೇಕಾದಷ್ಟು ಸಿಗುತ್ತದೆ. ಕರುಣೆ, ಭಯ ಎರಡೂ ಒಟ್ಟಿಗೆ ಸಿಗುವ ಜಾಗ ಬಹಳ ಕಡಿಮೆ.

ಶತ್ರುವಿಗಾಗಿ ಅತ್ತವರು

ಇದು ಒಂದೇ ನಾಟಕದ ವಿಷಯವಲ್ಲ. ನಮಗೆ ಸಿಕ್ಕಿರುವ ಗ್ರೀಕ್ ನಾಟಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಈಸ್ಕಿಲಸ್‌ನ 'ಪರ್ಷಿಯನ್ನರು', ಕ್ರಿ.ಪೂ. 472ರದು. ಅದಕ್ಕೆ ಎಂಟು ವರ್ಷ ಮುಂಚೆ, 480ರಲ್ಲಿ, ಪರ್ಷಿಯನ್ನರು ಅಥೆನ್ಸಿಗೆ ನುಗ್ಗಿ ಊರನ್ನು ಸುಟ್ಟಿದ್ದರು. ಆಮೇಲೆ ಸಲಾಮಿಸ್ ಸಮುದ್ರಯುದ್ಧದಲ್ಲಿ ಸೋತು ಹಿಂದಿರುಗಿದರು. ಈಸ್ಕಿಲಸ್ ಸ್ವತಃ ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಕಾದಾಡಿದವನು. ಅಂಥವನು ನಾಟಕ ಬರೆದಾಗ ಅದು ನಡೆಯುವುದು ಪರ್ಷಿಯಾದ ರಾಜಧಾನಿಯಲ್ಲಿ. ಮಗನಿಗಾಗಿ ಕಾಯುವ ಶತ್ರುರಾಜನ ತಾಯಿ, ಸತ್ತವರ ಹೆಸರು ಒಂದೊಂದಾಗಿ ಹೇಳುವ ದೂತ. ಗೆದ್ದವರು ಕೂತು ಸೋತವರ ಅಳು ಕೇಳಿದರು. ಆ ವರ್ಷದ ಬಹುಮಾನವೂ ಅದಕ್ಕೇ ಬಂತು.

ಸೊಫೊಕ್ಲಿಸ್‌ನ 'ಅಜಾಕ್ಸ್' ಕೂಡ ಹೆಣದ ಜಗಳವೇ. ಅವಮಾನಗೊಂಡ ವೀರ ಅಜಾಕ್ಸ್ ತನ್ನ ಕಡೆಯ ಸೇನಾಪತಿಗಳನ್ನೇ ಕೊಲ್ಲಲು ಹೊರಡುತ್ತಾನೆ. ಬುದ್ಧಿಭ್ರಮಣೆಯಲ್ಲಿ ದನಕುರಿಗಳನ್ನು ಕಡಿದುಹಾಕುತ್ತಾನೆ. ಎಚ್ಚರವಾದ ಮೇಲೆ ನಾಚಿಕೆ ತಡೆಯಲಾರದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಅವನನ್ನು ಹೂಳಬಾರದು ಎಂದು ಸೇನಾಪತಿಗಳು ಹಟ ಹಿಡಿದಾಗ, ಹೂಳಲೇಬೇಕು ಎಂದು ವಾದಿಸಿ ಗೆಲ್ಲುವವನು ಅಜಾಕ್ಸ್‌ನ ಕಡುವೈರಿ ಒಡಿಸ್ಯೂಸ್.

ಇಲ್ಲಿ ಕನ್ನಡಿಗರು ಹೆಮ್ಮೆ ಪಡಬಹುದಾದ ವಿಷಯ ಒಂದಿದೆ. ಈ 'ಅಜಾಕ್ಸ್' ನಾಟಕವನ್ನೇ ಆಧಾರವಾಗಿಟ್ಟುಕೊಂಡು ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಗ್ರೀಕ್ ವೀರನ ಜಾಗದಲ್ಲಿ ದ್ರೋಣರ ಮಗ. ಪುರಾಣದ ಪ್ರಕಾರ ಅಶ್ವತ್ಥಾಮ ಚಿರಂಜೀವಿ, ಸಾಯುವಂತಿಲ್ಲ. ಬಿಎಂಶ್ರೀ ಅವನನ್ನು ಸಾಯಿಸಿದರು. ಚರ್ಚೆಯೂ ಆಯಿತು. 'ಪರ್ಷಿಯನ್ನರು' ನಾಟಕವನ್ನೂ ಅವರೇ 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಮುಂದೆ ಪಿ. ಲಂಕೇಶರು 'ಈಡಿಪಸ್' ಮತ್ತು 'ಅಂತಿಗೊನೆ'ಯನ್ನು ಅನುವಾದಿಸಿದರು. ಅವರ 'ಈಡಿಪಸ್' ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನಲ್ಲಿ ರಂಗಕ್ಕೇರಿತು. ಶತ್ರುವಿನ ಸಾವನ್ನು ಹೇಗೆ ನೋಡಬೇಕು ಎಂದು ಕೇಳುವ ಮೂರೂ ನಾಟಕಗಳು ಹೀಗೆ ಕನ್ನಡಕ್ಕೆ ಬಂದಿವೆ. ಕೌರವನಿಗಾಗಿ ಓದುಗರು ಮರುಗುವಂತೆ ಬರೆದ ರನ್ನನ ಭಾಷೆಯಲ್ಲಿ ಇವು ಹೊರಗಿನವು ಅನ್ನಿಸದಿದ್ದರೆ ಆಶ್ಚರ್ಯವಿಲ್ಲ.

ಇದು ಇವತ್ತಿನ ವಿಷಯ

ಹೆಣದ ಜಗಳ ಹಳೆಯ ಕಾಲದ್ದು ಅಂದುಕೊಂಡಿರಾ? ಚೆನ್ನೈ ಕೇಳುಗರಿಗೆ ನೆನಪಿದ್ದೀತು. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ತೀರಿಕೊಂಡ ವೈದ್ಯರೊಬ್ಬರನ್ನು ಹೂಳಲು ಬಿಡದೆ ಗುಂಪೊಂದು ಆಂಬುಲೆನ್ಸಿನ ಮೇಲೆ ಕಲ್ಲು ತೂರಿತು. ಕೊನೆಗೆ ಅವರ ಸ್ನೇಹಿತರಾದ ಇನ್ನೊಬ್ಬ ವೈದ್ಯರು ರಾತ್ರೋರಾತ್ರಿ ಸ್ಮಶಾನಕ್ಕೆ ಹೋಗಿ, ತಾವೇ ಗುದ್ದಲಿ ಹಿಡಿದು, ಕೈಯಿಂದ ಮಣ್ಣು ಎಳೆದು ಮುಚ್ಚಿದರು. ಆ ವೈದ್ಯರನ್ನು ಅವರ ಇಚ್ಛೆಯ ಸ್ಮಶಾನದಲ್ಲಿ ಮತ್ತೆ ಹೂಳಬೇಕೆಂದು ಹೆಂಡತಿ ಕೋರ್ಟಿಗೆ ಹೋದರು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದಕ್ಕೆ ಒಪ್ಪಿತು. ಇಲ್ಲಿ ಕ್ರಿಯೋನ್ ಯಾರು? ಒಬ್ಬ ದೊರೆಯಲ್ಲ. ಹೆದರಿದ ಜನ.

ಅದೇ 2021ರ ಜೂನ್‌ನಲ್ಲಿ, ಮನೆಯವರು ಬಂದು ತೆಗೆದುಕೊಂಡು ಹೋಗದೆ ಉಳಿದಿದ್ದ ನೂರಾರು ಕೊರೊನಾ ಮೃತರ ಅಸ್ಥಿಯನ್ನು ಕರ್ನಾಟಕ ಸರ್ಕಾರವೇ ಕಾವೇರಿಯಲ್ಲಿ ವಿಸರ್ಜನೆ ಮಾಡಿಸಿತು. ಇದು ಅಂತಿಗೊನೆಯ ಕಥೆ ತಿರುವುಮುರುವಾದಂತೆ. ಬಂಧುಗಳ ಕೆಲಸವನ್ನು ಸರ್ಕಾರ ಮಾಡಿತು. ಊರಿಗೆ ಬರಲು ಬಸ್ಸು ರೈಲು ಇಲ್ಲದೆ, ಅಪ್ಪ ಅಮ್ಮನ ಕೊನೆಯ ಮುಖವನ್ನು ಫೋನಿನ ಪರದೆಯಲ್ಲಿ ನೋಡಿದವರು ಈ ನಗರಗಳಲ್ಲಿ ಬಹಳ ಜನ ಇದ್ದಾರೆ. ನಿಯಮ ಸರಿಯಾಗಿತ್ತು, ರೋಗ ಹರಡಬಾರದಿತ್ತು. ಸಂಕಟವೂ ಸರಿಯಾಗಿಯೇ ಇತ್ತು. ಎರಡು ಸರಿಗಳ ಜಗಳ ಅಂದರೆ ಏನೆಂದು ಅವರಿಗೆ ಹೆಗೆಲ್ ಹೇಳಿಕೊಡಬೇಕಾಗಿಲ್ಲ.

ಕ್ರಿ.ಪೂ. 430ರಲ್ಲಿ ಅಥೆನ್ಸಿಗೂ ಮಹಾಮಾರಿ ಬಂದಿತ್ತು. ಜನ ಸಂಸ್ಕಾರದ ಪದ್ಧತಿಗಳನ್ನೆಲ್ಲ ಬಿಟ್ಟು, ಬೇರೆಯವರು ಒಟ್ಟಿದ ಚಿತೆಯ ಮೇಲೆ ತಮ್ಮ ಹೆಣ ಇಟ್ಟು ಹೋದದ್ದನ್ನು ಇತಿಹಾಸಕಾರ ಥ್ಯುಸಿಡಿಡಿಸ್ ದಾಖಲಿಸಿದ್ದಾನೆ. ಪಿಡುಗಿನಿಂದ ನರಳುವ ಊರಿನಿಂದಲೇ ಶುರುವಾಗುವ 'ಈಡಿಪಸ್' ಇದಾದ ಸ್ವಲ್ಪ ಕಾಲಕ್ಕೆ ಬಂದಿರಬೇಕು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಹೊರದೇಶದ ಒಂದು ಉದಾಹರಣೆ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬಿಟ್ಟವರಲ್ಲಿ ಒಬ್ಬ ಸತ್ತಾಗ, ಅವನ ಹೆಣಕ್ಕೆ ಆ ರಾಜ್ಯದಲ್ಲಿ ಜಾಗ ಸಿಗಲಿಲ್ಲ. ಕೊನೆಗೆ ದೂರದ ವರ್ಜೀನಿಯಾದಲ್ಲಿ ಹೂಳಿದರು. ಆಗ ಅಲ್ಲಿನ ಪತ್ರಿಕೆಗಳಲ್ಲಿ ಅಂತಿಗೊನೆಯ ಹೆಸರು ಮತ್ತೆ ಬಂತು. ಅದಕ್ಕೂ ಹಿಂದೆ, ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಕೈದಿಗಳು ಇದೇ ನಾಟಕ ಆಡಿದ್ದರು. ನೆಲ್ಸನ್ ಮಂಡೇಲಾ ಹಾಕಿದ ವೇಷ ಯಾವುದು ಗೊತ್ತೇ? ಕ್ರಿಯೋನ್. ಅಧಿಕಾರದಲ್ಲಿರುವವನ ತಪ್ಪು ಹೇಗಿರುತ್ತದೆ ಎಂದು ಆ ಪಾತ್ರದೊಳಗೆ ನಿಂತು ನೋಡಿದ ಕೈದಿ 1994ರಲ್ಲಿ ಆ ದೇಶದ ಅಧ್ಯಕ್ಷರಾದರು.

ಎಲ್ಲಿಂದ ಶುರು ಮಾಡುವುದು?

ಓದಬೇಕೆನ್ನಿಸಿದರೆ ಒಂದೆರಡು ಸಲಹೆ.

ಮೊದಲು 'ಅಂತಿಗೊನೆ'ಯನ್ನೇ ಎತ್ತಿಕೊಳ್ಳಿ. ಮೂಲದಲ್ಲಿ ಇರುವುದು ಸಾವಿರದ ಮುನ್ನೂರ ಐವತ್ತು ಸಾಲಿನಷ್ಟು. ಒಂದು ಭಾನುವಾರದ ಮಧ್ಯಾಹ್ನ ಸಾಕು. ಕನ್ನಡದಲ್ಲಿ ಸಿಕ್ಕರೆ ಕನ್ನಡದಲ್ಲೇ ಓದಿ.

ಎರಡನೆಯದು, ಗಟ್ಟಿಯಾಗಿ ಓದಿ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಕ್ರಿಯೋನ್, ಒಬ್ಬರು ಅಂತಿಗೊನೆ. ಆಮೇಲೆ ಪಾತ್ರ ಅದಲು ಬದಲು ಮಾಡಿಕೊಳ್ಳಿ. ನಿಮಗೆ ಒಪ್ಪಿಗೆಯಿಲ್ಲದ ಮಾತನ್ನು ನಿಮ್ಮ ಬಾಯಲ್ಲೇ ಆಡಿದಾಗ ಅದರ ಬಲ ಗೊತ್ತಾಗುತ್ತದೆ. ಹದಿನೈದು ಹದಿನಾರರ ಮಕ್ಕಳಿದ್ದರೆ ಅವರನ್ನೂ ಸೇರಿಸಿ. ಹೀಮನ್ ಪಾತ್ರ ಅವರಿಗೆ ಬಿಡಿ. ತಂದೆಗೆ ಎದುರು ಮಾತಾಡಲು ಇಷ್ಟು ಮರ್ಯಾದೆಯ ಅವಕಾಶ ಬೇರೆ ಎಲ್ಲೂ ಸಿಗುವುದಿಲ್ಲ!

ಮೂರನೆಯದು, ಮೇಳದ ಹಾಡುಗಳನ್ನು ಹಾರಿಸಬೇಡಿ. ಕಥೆ ನಿಂತಂತೆ ಅನ್ನಿಸಿದರೂ, ಊರಿನ ಮನಸ್ಸು ಹೇಗೆ ಹೊಯ್ದಾಡುತ್ತದೆ ಎಂಬುದು ಅಲ್ಲೇ ಕಾಣುವುದು.

ಕೊನೆಯದು, ಯಾರು ಗೆದ್ದರು ಎಂದು ಕೇಳಬೇಡಿ. ಯಾವ ಗಳಿಗೆಯಲ್ಲಿ, ಯಾರ ಮಾತು ಕೇಳಿದ್ದರೆ ಇದು ತಪ್ಪುತ್ತಿತ್ತು ಎಂದು ಕೇಳಿ. ಹೀಮನ್ ಹೇಳಿದಾಗ? ಟೈರೀಸಿಯಸ್ ಬಂದಾಗ? ಗುಹೆಗೆ ಮೊದಲು ಹೋಗಿದ್ದರೆ? ಕ್ರಿಯೋನ್ ಕೊನೆಗೂ ಕಲಿಯುತ್ತಾನೆ. ಆದರೆ ಕಲಿಯುವ ಹೊತ್ತಿಗೆ ಮನೆ ಖಾಲಿ. ಅವನಿಗೆ ತಡವಾಯಿತು. ನೋಡಲು ಕೂತವರಿಗೆ ತಡವಾಗಿರಲಿಲ್ಲ. ಅಥೆನ್ಸಿನವರು ಮರುದಿನ ಎದ್ದು ಸಭೆಗೆ ಹೋಗಿ ಯುದ್ಧ, ಶಿಕ್ಷೆ, ಕಾನೂನುಗಳ ಮೇಲೆ ಕೈ ಎತ್ತಿ ಮತ ಹಾಕಬೇಕಾದ ಜನ. ನಾವೂ ಮತ ಹಾಕುವವರೇ. ಅಪಾರ್ಟ್‌ಮೆಂಟಿನ ಸಭೆಯಲ್ಲಿ, ಆಫೀಸಿನಲ್ಲಿ, ಮನೆಯಲ್ಲಿ ಯಾರದೋ ವಿಷಯದಲ್ಲಿ ತೀರ್ಮಾನ ಹೇಳುವವರೇ. ಹಾಗೆ ಹೇಳುವ ಮುಂಚೆ ಒಂದು ಗಳಿಗೆ ನಿಲ್ಲುವುದನ್ನು ಈ ನಾಟಕ ಕಲಿಸಿದರೆ ಅಷ್ಟು ಸಾಕು.

ನೀವು ಕ್ರಿಯೋನ್ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಓದಿ, ಮನೆಯಲ್ಲಿ ಜಗಳವಾಡಿ, ನಮಗೂ ಬರೆದು ತಿಳಿಸಿ. ಮತ್ತೆ ಸಿಗೋಣ, ಕೇಳುತ್ತಿರಿ.